ಹಳೆಯ ಒಳಚರಂಡಿ ಪೈಪ್: ಅಗೆದು ಬದಲಿಸುವುದೋ, ಅಗೆಯದೆ ಉಳಿಸುವುದೋ?

ಪೈಪ್ ಬದಲಿಸುವ ಮಾತು ಬಡಾವಣೆಯ ಸಂಘದ ಸಭೆಗೆ ಬಂದರೆ ಮೂರು ಗುಂಪಾಗುವುದು ಖಚಿತ. ಒಬ್ಬರಿಗೆ ಪಿವಿಸಿ ಸಾಕು. ಇನ್ನೊಬ್ಬರ ಭಾವಮೈದುನ ಎಂಜಿನಿಯರ್, ಡಿಡಬ್ಲ್ಯುಸಿ (ಎರಡು ಪದರದ ಪ್ಲಾಸ್ಟಿಕ್ ಪೈಪ್) ಬಿಟ್ಟು ಬೇರೇನೂ ಹಾಕಿಸಬೇಡಿ ಎಂದಿದ್ದಾನೆ. ಮೂರನೆಯವರು ಮೊಬೈಲಿನಲ್ಲಿ ವಿಡಿಯೊ ತೋರಿಸುತ್ತಾರೆ: ರಸ್ತೆಗೆ ಒಂದು ಗುದ್ದಲಿ ಪೆಟ್ಟೂ ಬೀಳದೆ ಹಳೆಯ ಪೈಪಿನ ಹೊಟ್ಟೆಯಲ್ಲಿ ಹೊಸ ಪೈಪ್ ಹುಟ್ಟುತ್ತದೆ. ಇವರೆಲ್ಲರ ನಡುವೆ ಸುಮ್ಮನೆ ಕುಳಿತಿರುವ ನಾಲ್ಕನೆಯ ಗುಂಪೊಂದಿದೆ. ಮೊನ್ನೆ ತಾನೇ ಜೆಟ್ಟಿಂಗ್ (ನೀರನ್ನು ರಭಸದಿಂದ ಚಿಮ್ಮಿಸಿ ಪೈಪ್ ತೊಳೆಯುವುದು) ಮಾಡಿಸಿದೆವಲ್ಲ, ಇನ್ನೊಂದು ಮಳೆಗಾಲ ನೋಡೋಣ ಎನ್ನುವವರದು. ಸಾಮಾನ್ಯವಾಗಿ ಗೆಲ್ಲುವುದು ಇವರೇ.

ನಾನು ಆ ಸಭೆಗಳಲ್ಲಿ ನಾಲ್ಕು ವರ್ಷ ಕುಳಿತವನು. ಪೈಪಿನ ಬಗ್ಗೆ ಜಗಳವಾಡುವುದಕ್ಕೆ ಮುಂಚೆ ಹಳೆಯ ಸಾಲಿಗೆ ಬಂದಿರುವ ಕಾಯಿಲೆ ಯಾವುದೆಂದು ನೋಡಬೇಕಿತ್ತು. ನಾವು ಅದನ್ನು ಕೊನೆಗೆ ಮಾಡಿದೆವು.

ಮೊದಲು ಯಾರ ಪೈಪ್ ಎಂಬುದು ಸ್ಪಷ್ಟವಾಗಲಿ. ಬೆಂಗಳೂರಿನಲ್ಲಿ ರಸ್ತೆಯಡಿಯ ಮುಖ್ಯ ಸಾಲು ಜಲಮಂಡಳಿಯದು. ಉಳಿದ ಊರುಗಳಲ್ಲಿ ಹೆಚ್ಚಾಗಿ ಕರ್ನಾಟಕ ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ ಕಟ್ಟಿಕೊಡುತ್ತದೆ, ನಗರಸಭೆಯೋ ಪಾಲಿಕೆಯೋ ನೋಡಿಕೊಳ್ಳುತ್ತದೆ. ಅದನ್ನು ನಾವು ಮುಟ್ಟುವಂತಿಲ್ಲ. ದೂರು ಕೊಡಬಹುದು, ಬೆನ್ನು ಹತ್ತಬಹುದು. ಆದರೆ ಅಪಾರ್ಟ್‌ಮೆಂಟಿನ ಆವರಣದೊಳಗಿನ ಸಾಲು, ಇನ್ನೂ ಹಸ್ತಾಂತರವಾಗದ ಖಾಸಗಿ ಬಡಾವಣೆಯ ಸಾಲು, ಮನೆಯ ಚೇಂಬರಿನಿಂದ ಬೀದಿಯ ಸಾಲಿನವರೆಗಿನ ತುಂಡು ನಮ್ಮದೇ ಜೇಬಿನ ಖರ್ಚು. ಈ ಬರಹ ಅಂಥವರಿಗೆ.

ಒಳಗೆ ಇಣುಕದೆ ನಿರ್ಧಾರ ಬೇಡ

ನಮ್ಮ ಬೀದಿಯ ಸಾಲು 1980ರ ದಶಕದ ಕೊನೆಯದು. ಒಂಬತ್ತಿಂಚಿನ ಸ್ಟೋನ್‌ವೇರ್ ಪೈಪ್, ಅಂದರೆ ಮೆರುಗು ಕೊಟ್ಟು ಸುಟ್ಟ ಜೇಡಿಮಣ್ಣಿನ ಕಂದು ಕೊಳವೆ. ಒಂದೊಂದೂ ಎರಡಡಿ ಉದ್ದ. ಒಂದರ ಬಾಯಿಗೆ ಇನ್ನೊಂದರ ತುದಿ ಇಟ್ಟು, ಸೆಣಬಿನ ಹುರಿ ತುರುಕಿ, ಸಿಮೆಂಟ್ ಗಾರೆ ಮೆತ್ತಿ ಕೂಡಿಸಿದ್ದು. ಕೇಬಲ್ಲಿನ ತುದಿಗೆ ಕಟ್ಟಿದ ಪುಟ್ಟ ಕ್ಯಾಮೆರಾವನ್ನು ಮ್ಯಾನ್‌ಹೋಲಿನಿಂದ ಒಳಗೆ ತಳ್ಳಿದಾಗ ಅದು ಹದಿನಾಲ್ಕನೆಯ ಮೀಟರಿನಲ್ಲಿ ನಿಂತುಬಿಟ್ಟಿತು. ಪರದೆಯ ತುಂಬ ಒದ್ದೆ ಕೂದಲಿನಂತೆ ಬೇರು. ಜೆಟ್ಟಿಂಗ್ ಯಂತ್ರದ ನೀರು ಬಿಟ್ಟು ಕತ್ತರಿಸಿ ಎಳೆದರೆ ಮಾರುದ್ದದ ಜಡೆಯೇ ಬಂತು. ಹೆಣಿಗೆಯ ನಡುವೆ ತೆಂಗಿನ ನಾರು, ಶಾಂಪೂ ಪೊಟ್ಟಣ, ಯಾರದೋ ಮನೆಯ ಸ್ಟೀಲ್ ಚಮಚ. ಹೊಂಗೆ ಮರ ಇದ್ದದ್ದು ರಸ್ತೆಯ ಆಚೆ ಬದಿಯಲ್ಲಿ. ಪೈಪ್ ಒಡೆದಿರಲಿಲ್ಲ; ಕೀಲಿನ ಗಾರೆ ಉದುರಿ, ಬೇರಿಗೆ ಬಾಗಿಲು ತೆರೆದಿತ್ತು.

ಇಪ್ಪತ್ತೆರಡನೆಯ ಮೀಟರಿನ ಹತ್ತಿರ ಬೇರೆಯೇ ದೃಶ್ಯ. ಕ್ಯಾಮೆರಾ ನೀರಿನಲ್ಲಿ ಮುಳುಗಿ, ಮೂರು ಮೀಟರ್ ಮುಂದೆ ಮತ್ತೆ ಎದ್ದಿತು. ಪೈಪ್ ಅಲ್ಲಿ ಹೊಟ್ಟೆ ಬಿಟ್ಟಿತ್ತು. ಕೆಳಗಿನ ಮಣ್ಣು ಕುಸಿದು ವಾಟ, ಅಂದರೆ ಇಳಿಜಾರು, ಕೆಟ್ಟು, ಕೊಳಚೆ ನಿಂತು ಹೂಳಾಗುತ್ತಿತ್ತು.

ಒಂದೇ ಸಾಲಿನಲ್ಲಿ ಎರಡು ಕಾಯಿಲೆ, ಎರಡಕ್ಕೂ ಮದ್ದು ಬೇರೆ. ಕೀಲು ಸೋರುವುದಕ್ಕೆ, ಬಿರುಕಿಗೆ, ಬೇರಿಗೆ ಒಳಗಿನಿಂದಲೇ ಉಪಾಯವಿದೆ. ವಾಟ ಕೆಟ್ಟಿದ್ದರೆ ಅಗೆಯದೆ ಗತಿಯಿಲ್ಲ, ಏಕೆಂದರೆ ಹಳೆಯ ಪೈಪಿನೊಳಗೆ ಹಾಕುವ ಒಳಹೊದಿಕೆ ಅದರ ಡೊಂಕನ್ನೇ ಹಿಡಿದು ಕೂರುತ್ತದೆ. ಈ ಒಂದು ಮಾತು ತಿಳಿದಿದ್ದರೆ ಗುತ್ತಿಗೆದಾರರು ತರುವ ಅರ್ಧ ಪ್ರಸ್ತಾವಗಳನ್ನು ಮೊದಲ ಭೇಟಿಯಲ್ಲೇ ಬದಿಗಿಡಬಹುದು. ಕ್ಯಾಮೆರಾ ತಪಾಸಣೆಯ ಖರ್ಚಿಗೆ ಹಿಂಜರಿಯಬೇಡಿ. ವಿಡಿಯೊವನ್ನು ಮೀಟರ್ ಗುರುತಿನ ಸಮೇತ ಕೇಳಿ ಪಡೆಯಿರಿ.

ತೂಗಿ ನೋಡಬೇಕಾದ್ದು ಏನೇನು

ಮೊದಲನೆಯದು ವಾಟ. ಮೇಸ್ತ್ರಿಗಳ ಹಳೆಯ ಲೆಕ್ಕ: ನಾಲ್ಕಿಂಚಿನ ಪೈಪಿಗೆ ನಲವತ್ತಕ್ಕೆ ಒಂದು, ಆರಿಂಚಿಗೆ ಅರವತ್ತಕ್ಕೆ ಒಂದು, ಒಂಬತ್ತಿಂಚಿಗೆ ತೊಂಬತ್ತಕ್ಕೆ ಒಂದು. ಮೂವತ್ತು ಮೀಟರ್ ಸಾಲಿಗೆ ಆರಿಂಚಿನ ಪೈಪ್ ಅರ್ಧ ಮೀಟರ್ ಇಳಿಯಬೇಕು. ಒಂಬತ್ತಿಂಚಿಗೆ ಸುಮಾರು 33 ಸೆಂ.ಮೀ. ಸಾಕು. ಹಾಗಾದರೆ ದೊಡ್ಡ ಪೈಪೇ ಹಾಕೋಣ ಎಂದು ಅನಿಸುವುದು ಸಹಜ. ಆದರೆ ಹತ್ತು ಮನೆಯ ನೀರು ಒಂಬತ್ತಿಂಚಿನ ತಳದಲ್ಲಿ ತೆಳ್ಳಗೆ ಹರಡಿದರೆ ಗಟ್ಟಿ ಪದಾರ್ಥವನ್ನು ಹೊತ್ತೊಯ್ಯುವ ಕಸುವು ಅದಕ್ಕಿರುವುದಿಲ್ಲ. ಹರಿವು ಅತಿ ಹೆಚ್ಚಿರುವ ಹೊತ್ತಿನಲ್ಲಾದರೂ ಸೆಕೆಂಡಿಗೆ 0.6 ಮೀಟರ್ ವೇಗ ಬರಬೇಕು ಎಂಬುದು ನಮ್ಮ ದೇಶದ ಒಳಚರಂಡಿ ಕೈಪಿಡಿಯ ಮಾನದಂಡ. ಆ ವೇಗ ಸಿಕ್ಕಿದ ಸಾಲು ತನ್ನನ್ನು ತಾನೇ ತೊಳೆದುಕೊಳ್ಳುತ್ತದೆ.

ಎರಡನೆಯದು ಕೀಲು. ಮೂವತ್ತು ಮೀಟರಿಗೆ ಎರಡಡಿಯ ಸ್ಟೋನ್‌ವೇರ್ ತುಂಡು ಐವತ್ತು ಬೇಕು, ಐವತ್ತು ಕೀಲು. ಆರು ಮೀಟರಿನ ಪ್ಲಾಸ್ಟಿಕ್ ಪೈಪಾದರೆ ಐದೇ ತುಂಡು. ಸೋರಿಕೆ, ಬೇರು, ಹೆಗ್ಗಣ, ಮಣ್ಣು ಎಲ್ಲವೂ ಒಳಹೊರಗೆ ಓಡಾಡುವುದು ಕೀಲಿನಲ್ಲೇ ಆದ್ದರಿಂದ ಪೈಪಿನ ಬಲಕ್ಕಿಂತ ಈ ಎಣಿಕೆ ಹೆಚ್ಚು ಹೇಳುತ್ತದೆ.

ಮೂರನೆಯದು ಮಣ್ಣು ಮತ್ತು ಮೇಲಿನ ಭಾರ. ಧಾರವಾಡ, ಕಲಬುರಗಿಯ ಕಡೆಯ ಎರೆಮಣ್ಣು ಮಳೆಗೆ ಉಬ್ಬಿ ಬೇಸಗೆಗೆ ಬಿರಿಯುತ್ತದೆ. ಗಾರೆ ಮೆತ್ತಿದ ಬಿಗಿ ಕೀಲು ಅಲ್ಲಿ ಬಾಳುವುದಿಲ್ಲ. ಸ್ವಲ್ಪ ಬಾಗಿದರೂ ತಡೆದುಕೊಳ್ಳುವ ರಬ್ಬರ್ ಬಳೆಯ ಕೀಲು ಬೇಕು, ಪೈಪಿನ ಸುತ್ತ ತುಂಬಲು ಬೇರೆ ಮಣ್ಣು ತರಬೇಕು. ಕರಾವಳಿಯಲ್ಲಿ, ಕೆರೆಯಂಚಿನಲ್ಲಿ ಅಂತರ್ಜಲ ಮೇಲೆಯೇ ಇರುತ್ತದೆ. ಹಗುರವಾದ ಖಾಲಿ ಪ್ಲಾಸ್ಟಿಕ್ ಪೈಪ್ ಅದಕ್ಕಾಗಿ ಅಗೆದ ಕಾಲುವೆಗೆ ನೀರು ನುಗ್ಗಿದ ರಾತ್ರಿಯೇ ತೇಲಿ ಮೇಲೇಳುತ್ತದೆ. ಬೆಂಗಳೂರಿನಲ್ಲಿ ನಾಲ್ಕಡಿ ಅಗೆದರೆ ಬಂಡೆ ಸಿಗುವ ಬೀದಿಗಳಿವೆ, ಅಲ್ಲಿ ಅಂದಾಜುಪಟ್ಟಿಯನ್ನು ಮರೆತುಬಿಡಿ.

ಇನ್ನು ಪರಿಸರ. ಬೇಸಗೆಯಲ್ಲಿ ಸಡಿಲ ಕೀಲುಗಳಿಂದ ಕೊಳಚೆ ಹೊರಗಿನ ಮಣ್ಣಿಗೆ ಇಳಿಯುತ್ತದೆ, ಅಲ್ಲಿಂದ ಕೊಳವೆಬಾವಿಗೆ. ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ಮೀರಬಾರದು ಎಂಬುದು ಭಾರತೀಯ ಮಾನಕ. ನಿಮ್ಮ ಬಾವಿಯ ನೀರನ್ನು ಒಮ್ಮೆ ಪರೀಕ್ಷೆಗೆ ಕೊಟ್ಟರೆ ಸಭೆಯಲ್ಲಿ ವಾದ ಕಡಿಮೆಯಾಗುತ್ತದೆ. ಇನ್ನೂ ಭಯದ ಸಂಗತಿ, ದಿನ ಬಿಟ್ಟು ದಿನ ನೀರು ಬಿಡುವ ಊರುಗಳಲ್ಲಿ ಕುಡಿಯುವ ನೀರಿನ ಪೈಪ್ ಖಾಲಿಯಾದಾಗ ಪಕ್ಕದ ಸೋರಿಕೆಯನ್ನೇ ಒಳಗೆಳೆದುಕೊಳ್ಳಬಲ್ಲದು. ಮಳೆಗಾಲದಲ್ಲಿ ಆಟ ತಿರುಗುಮುರುಗು: ಅದೇ ಕೀಲಿನಿಂದ ಮಳೆನೀರು ಒಳನುಗ್ಗಿ, ಮ್ಯಾನ್‌ಹೋಲ್ ಉಕ್ಕಿ, ಎಲ್ಲವೂ ರಾಜಕಾಲುವೆಗೆ. ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯಲ್ಲಿ ಹಾಗೆ ಹರಿದದ್ದು ಬೆಳ್ಳಂದೂರು ಕೆರೆಯಲ್ಲಿ ನೊರೆಯಾಗಿ ರಸ್ತೆಗೆ ಹಾರಿತು. 2017ರ ಫೆಬ್ರವರಿಯಲ್ಲಿ ಕೆರೆಗೇ ಬೆಂಕಿ ಹೊತ್ತಿತು. 2018ರಿಂದ ಅದೇ ಕಣಿವೆಯ ಸಂಸ್ಕರಿಸಿದ ನೀರು ಕೋಲಾರದ ಕೆರೆಗಳಿಗೆ ಹೋಗುತ್ತಿದೆ. ಶುದ್ಧೀಕರಣ ಘಟಕ ತಲುಪದೆ ದಾರಿಯಲ್ಲೇ ಸೋರಿದ್ದು ಕೆರೆಗೆ ವಿಷ, ಕೋಲಾರಕ್ಕೆ ನಷ್ಟ.

ಹಣದ ವಿಷಯದಲ್ಲಿ ಅಂಕಿ ಕೊಡುವುದಿಲ್ಲ. ದರ ಊರಿಂದ ಊರಿಗೆ, ತಿಂಗಳಿಂದ ತಿಂಗಳಿಗೆ ಬೇರೆ. ಆದರೆ ಸಣ್ಣ ಸಾಲುಗಳಲ್ಲಿ ಪೈಪಿನ ಬೆಲೆ ಒಟ್ಟು ಖರ್ಚಿನ ಚಿಕ್ಕ ಪಾಲು. ಅಗೆತ, ಕುಸಿಯದಂತೆ ಆಸರೆ ಹಲಗೆ, ರಸ್ತೆ ಕತ್ತರಿಸುವ ಶುಲ್ಕ, ಮತ್ತೆ ಡಾಂಬರು, ಚೇಂಬರ್ ಕಟ್ಟಡ ಇವೇ ನುಂಗುತ್ತವೆ. ಮೀಟರಿಗೆ ನೂರಿನ್ನೂರು ಉಳಿಸಲು ಕಳಪೆ ಪೈಪ್ ಹಾಕಿಸುವುದು ಮದುವೆಗೆ ಛತ್ರ ಹಿಡಿದು ಅನ್ನಕ್ಕೆ ಅಕ್ಕಿ ಉಳಿಸಿದಂತೆ.

ಆಯ್ಕೆ ಒಂದು: ತೊಳೆದು ತಳ್ಳುವುದು

ವರ್ಷಕ್ಕೊಮ್ಮೆ ಜೆಟ್ಟಿಂಗ್ ಮಾಡಿಸಿ ದಿನ ದೂಡುವುದೂ ಒಂದು ಆಯ್ಕೆಯೇ. ಪೈಪ್ ಗಟ್ಟಿಯಾಗಿದ್ದು, ತಪ್ಪು ಮನೆಗಳದ್ದೇ ಆಗಿದ್ದರೆ (ಹೋಟೆಲಿನ ಜಿಡ್ಡು, ಸ್ಯಾನಿಟರಿ ಪ್ಯಾಡ್, ಎಸೆದ ಬಟ್ಟೆ) ಬದಲಿಸಿದರೂ ಮತ್ತೆ ಕಟ್ಟಿಕೊಳ್ಳುತ್ತದೆ. ಚೇಂಬರಿಗೆ ಜಾಲರಿ, ಹೋಟೆಲಿಗೆ ಜಿಡ್ಡು ಹಿಡಿಯುವ ತೊಟ್ಟಿ ಹಾಕಿಸಿ. ಮಳೆ ಬಂದಾಗ ಮಾತ್ರ ಉಕ್ಕುತ್ತಿದ್ದರೆ ತಾರಸಿಯ ಪೈಪನ್ನು ಯಾರು ಯಾರು ಒಳಚರಂಡಿಗೆ ಸೇರಿಸಿದ್ದಾರೆ ನೋಡಿ. ನಮ್ಮಲ್ಲಿ ಏಳು ಮನೆ ಸಿಕ್ಕವು, ಒಂದು ಸಂಘದ ಖಜಾಂಚಿಯದು. ಬೇರು ಬಂದಿದ್ದರೆ ಮಾತ್ರ ಈ ದಾರಿ ಮೋಸದ್ದು; ಕತ್ತರಿಸಿದ ಬೇರು ಮತ್ತೆ ಚಿಗುರುತ್ತದೆ.

ಆಯ್ಕೆ ಎರಡು: ಅಗೆದು ಹೊಸದು ಹಾಕುವುದು

ವಾಟ ಕೆಟ್ಟಿದ್ದರೆ, ಪೈಪ್ ಕುಸಿದಿದ್ದರೆ, ಅಳತೆ ನಿಜಕ್ಕೂ ಸಾಲದಿದ್ದರೆ ಇದೇ ದಾರಿ. ಯಾವ ಪೈಪ್ ಎಂಬ ಪ್ರಶ್ನೆ ಇಲ್ಲಿ ಬರುತ್ತದೆ.

ಸ್ಟೋನ್‌ವೇರ್ ಇಂದಿಗೂ ಸಿಗುತ್ತದೆ. ಆಮ್ಲಕ್ಕೆ ಹೆದರದ ವಸ್ತು ಅದು, ಮಣ್ಣಿನಲ್ಲಿ ನೂರು ವರ್ಷ ಮಲಗಿದರೂ ಕರಗುವುದಿಲ್ಲ. ಆದರೆ ಐವತ್ತು ಕೀಲನ್ನು ಶ್ರದ್ಧೆಯಿಂದ ಮೆತ್ತುವ ಕೈಗಳು ಈಗ ಅಪರೂಪ. ನಾನು ಹಾಕಿಸುವುದಿಲ್ಲ.

ಹ್ಯೂಮ್ ಪೈಪ್, ಅಂದರೆ ಕಾಂಕ್ರೀಟಿನದು, ಹನ್ನೆರಡಿಂಚು ಮೀರಿದ ದೊಡ್ಡ ಸಾಲುಗಳಿಗೆ ಅಗ್ಗ, ಭಾರ ಹೊರಲು ಗಟ್ಟಿ. ಅದರ ಶತ್ರು ಒಳಗಿನ ಗಾಳಿ. ಕೊಳಚೆ ನಿಂತಲ್ಲಿ ತಳದ ಲೋಳೆಯಲ್ಲಿ ಹೈಡ್ರೋಜನ್ ಸಲ್ಫೈಡ್ ಅನಿಲ ಹುಟ್ಟಿ ಮೇಲೇರುತ್ತದೆ. ಪೈಪಿನ ಒದ್ದೆ ನೆತ್ತಿಯಲ್ಲಿರುವ ಬೇರೊಂದು ಬ್ಯಾಕ್ಟೀರಿಯಾ ಅದನ್ನು ಗಂಧಕಾಮ್ಲವಾಗಿಸುತ್ತದೆ, ಆಮ್ಲ ಸಿಮೆಂಟನ್ನು ತಿನ್ನುತ್ತದೆ. ತಳ ಹೊಸದರಂತೆ ಇದ್ದು ನೆತ್ತಿ ಹಪ್ಪಳವಾದ ಪೈಪ್‌ಗಳು ಒಂದು ದಿನ ಲಾರಿ ಹೋಗುವಾಗ ರಸ್ತೆ ಸಮೇತ ಕುಸಿಯುತ್ತವೆ. ವಾಟ ಚೆನ್ನಾಗಿರುವಲ್ಲಿ ಹೆದರಿಕೆ ಕಡಿಮೆ. ಪಂಪಿನ ನೀರು ಬಂದು ಬೀಳುವ ಕಡೆ ಬೇಡವೇ ಬೇಡ.

ಪಿವಿಸಿಯಲ್ಲಿ ಒಂದು ಹಳ್ಳವಿದೆ, ಬಹಳ ಮಂದಿ ಬೀಳುತ್ತಾರೆ. ಕಟ್ಟಡದ ಗೋಡೆಗೆ ಹಾಕುವ ಎಸ್‌ಡಬ್ಲ್ಯುಆರ್ ಪೈಪ್ ಬೇರೆ (ಭಾರತೀಯ ಮಾನಕ ಐಎಸ್ 13592), ನೆಲದಡಿಯ ಒಳಚರಂಡಿಯದು ಬೇರೆ (ಐಎಸ್ 15328). ಮೊದಲನೆಯದನ್ನು ರಸ್ತೆಯಡಿ ಹೂತು ಎರಡನೆಯದರ ಬಿಲ್ ಕೊಡುವುದು ಸುಲಭ. ಪೈಪಿನ ಮೈಮೇಲಿನ ಅಚ್ಚನ್ನು ನೀವೇ ಓದಿ, ಫೋಟೊ ತೆಗೆದಿಡಿ. ಎಸ್‌ಎನ್ 4, ಎಸ್‌ಎನ್ 8 ಎಂಬುದು ಒತ್ತಿದರೆ ಚಪ್ಪಟೆಯಾಗದಿರುವ ಬಿಗುವಿನ ಅಳತೆ. ಅಂಗಳಕ್ಕೆ 4 ಸಾಕು, ವಾಹನ ಓಡುವ ಕಡೆ 8 ಇರಲಿ. ಒಳಮೈ ನುಣುಪು, ರಬ್ಬರ್ ಬಳೆಯ ಕೀಲು, ಊರಿನ ಯಾವ ಪ್ಲಂಬರ್ ಬೇಕಾದರೂ ಕೂಡಿಸಬಲ್ಲ. ಆರರಿಂದ ಎಂಟಿಂಚಿನ ಸಾಲಿಗೆ, ಮನೆ ಸಂಪರ್ಕಗಳು ಒತ್ತೊತ್ತಾಗಿರುವಲ್ಲಿ ನನ್ನ ಮತ ಇದಕ್ಕೆ.

ಡಿಡಬ್ಲ್ಯುಸಿ (ಐಎಸ್ 16098) ಹೊರಗೆ ಸುಕ್ಕು ಸುಕ್ಕಾಗಿ, ಒಳಗೆ ನಯವಾಗಿರುವ ಎರಡು ಪದರದ ಪಾಲಿಥಿಲೀನ್ ಪೈಪ್. ಅಳತೆ ದೊಡ್ಡದಾದಷ್ಟೂ ಪಿವಿಸಿಗಿಂತ ಲಾಭಕರ. ಹಗುರ, ಇಬ್ಬರು ಹೊತ್ತು ಇಳಿಸಬಹುದು. ಆದರೆ ಅದರ ಬಲ ಅರ್ಧ ಪೈಪಿನದು, ಅರ್ಧ ಸುತ್ತಲ ಮಣ್ಣಿನದು. ಎರಡೂ ಪಕ್ಕೆಗೆ ಮರಳೋ ಜಲ್ಲಿ ಪುಡಿಯೋ ಹಾಕಿ ಪದರ ಪದರವಾಗಿ ದಮ್ಮಸು ಮಾಡದೆ, ಜೆಸಿಬಿ ಬಂದು ಕಲ್ಲು ಸಮೇತ ಮಣ್ಣು ದೂಡಿ ಮೇಲೆ ಓಡಾಡಿದರೆ ಪೈಪ್ ಮೊಟ್ಟೆಯಾಕಾರಕ್ಕೆ ಬರುತ್ತದೆ. ಅಡ್ಡಳತೆ ಶೇ 5ಕ್ಕಿಂತ ಹೆಚ್ಚು ಕುಗ್ಗಿದ್ದರೆ ಒಪ್ಪಿಕೊಳ್ಳಬೇಡಿ. ಮಗ್ಗುಲು ಮಣ್ಣಿನ ಕೆಲಸಕ್ಕೆ ನಿಂತು ನೋಡುವವರು ಯಾರೂ ಇಲ್ಲದ ಸಂಘ ಇದರ ಗೋಜಿಗೆ ಹೋಗದಿರುವುದು ಲೇಸು. ಡಕ್ಟೈಲ್ ಕಬ್ಬಿಣದ ಪೈಪ್ ದುಬಾರಿ. ರಾಜಕಾಲುವೆ ದಾಟುವ ಕಡೆ, ಆಳ ಸಿಗದೆ ರಸ್ತೆಯ ಮೈಗೇ ಅಂಟಿಕೊಂಡು ಹೋಗುವ ಕಡೆ ಒಂದೆರಡು ತುಂಡು ಹಾಕಿದರೆ ಸಾಕು.

ಆಯ್ಕೆ ಮೂರು: ಒಳಗಿನಿಂದ ಹೊದಿಸುವುದು

1971ರಲ್ಲಿ ಲಂಡನ್ನಿನಲ್ಲಿ ಎರಿಕ್ ವುಡ್ ಎಂಬಾತ ಮೊದಲು ಮಾಡಿ ತೋರಿಸಿದ್ದು. ರಾಳದಲ್ಲಿ ನೆನೆಸಿದ ದಪ್ಪ ಬಟ್ಟೆಯ ಕೊಳವೆಯನ್ನು, ಅಂಗಿಯ ತೋಳನ್ನು ಮಗುಚುವಂತೆ, ನೀರಿನ ಅಥವಾ ಗಾಳಿಯ ಒತ್ತಡದಿಂದ ಹಳೆಯ ಪೈಪಿನೊಳಗೆ ಮಗುಚುತ್ತಾ ಹೋಗುತ್ತಾರೆ. ಬಿಸಿನೀರು, ಹಬೆ ಅಥವಾ ನೇರಳಾತೀತ ಬೆಳಕು ತಾಕಿಸಿದರೆ ಅದು ಗಟ್ಟಿಯಾಗಿ ಕೀಲಿಲ್ಲದ ಹೊಸ ಪೈಪಾಗುತ್ತದೆ. ಆಮೇಲೆ ಒಳಗೇ ಓಡಾಡುವ ಪುಟ್ಟ ಯಂತ್ರ ಮನೆ ಸಂಪರ್ಕಗಳ ಬಾಯಿ ಕೊರೆಯುತ್ತದೆ. ವ್ಯಾಸ ಕೆಲವು ಮಿಲಿಮೀಟರ್ ಕಡಿಮೆಯಾದರೂ ನುಣುಪು ಹೆಚ್ಚುವುದರಿಂದ ಹರಿವಿಗೆ ತೊಂದರೆಯಿಲ್ಲ.

ಸಾಲು ಆಳವಾಗಿದ್ದು, ಮೇಲೆ ಬಿಡುವಿಲ್ಲದ ರಸ್ತೆಯೋ ಹಳೆಯ ಮರವೋ ಕಟ್ಟಡವೋ ಇದ್ದರೆ ಇದಕ್ಕೆ ಸಾಟಿಯಿಲ್ಲ. ಮರವನ್ನೂ ಉಳಿಸುತ್ತದೆ, ಬೇರನ್ನೂ ಹೊರಗಿಡುತ್ತದೆ. ತೊಡಕು ಏನೆಂದರೆ ಯಂತ್ರ, ತಂಡ, ಬಾಯ್ಲರ್ ಬಂದಿಳಿಯುವ ಖರ್ಚು ಮೂವತ್ತು ಮೀಟರಿಗೂ ಮುನ್ನೂರು ಮೀಟರಿಗೂ ಹೆಚ್ಚುಕಡಿಮೆ ಒಂದೇ. ಒಂದೇ ಮನೆಗೆ ಕೈಗೆಟುಕದು. ಐದಾರು ಬೀದಿ ಸೇರಿದರೆ ಲೆಕ್ಕ ಕೂಡುತ್ತದೆ. ಪಾಲಿಯೆಸ್ಟರ್ ರಾಳವಾದರೆ ಸ್ಟೈರೀನಿನ ಘಾಟು ಬಚ್ಚಲಿಗೆ ಬರುತ್ತದೆ. ಹಿಂದಿನ ರಾತ್ರಿಯೇ ಪ್ರತಿ ಮನೆಯವರೂ ಬಳಸದ ಬಚ್ಚಲಿನ ಜಾಲರಿಗೂ ಒಂದು ಚೊಂಬು ನೀರು ಸುರಿದಿಡಲಿ, ಕೆಳಗಿನ ಬಾಗುಕೊಳವೆಯಲ್ಲಿ ನಿಂತ ನೀರು ಘಾಟನ್ನು ತಡೆಯುತ್ತದೆ. ಕೆಲಸ ಮುಗಿದ ಬಿಸಿನೀರನ್ನು ಮಳೆ ಚರಂಡಿಗೆ ಬಿಡಕೂಡದು ಎಂದು ಕರಾರಿನಲ್ಲೇ ಬರೆಸಿ.

ಆಯ್ಕೆ ನಾಲ್ಕು: ಒಡೆದು ಎಳೆಯುವುದು

ಮೊನಚು ತಲೆಯ ಉಕ್ಕಿನ ಶಂಕುವನ್ನು ಹಳೆಯ ಪೈಪಿನೊಳಗೆ ಎಳೆದು, ಅದನ್ನು ಸಿಡಿಸಿ ಚೂರನ್ನು ಮಣ್ಣಿಗೆ ಒತ್ತಿ, ಹಿಂದೆಯೇ ಬೆಸುಗೆ ಹಾಕಿದ ಉದ್ದನೆಯ ಪಾಲಿಥಿಲೀನ್ ಪೈಪನ್ನು ಎಳೆದು ತರುವ ವಿಧಾನ. ಇಂಗ್ಲೆಂಡಿನ ಅನಿಲ ಪೈಪ್‌ಗಳಿಗಾಗಿ 1970ರ ದಶಕದ ಕೊನೆಯಲ್ಲಿ ಹುಟ್ಟಿದ್ದು. ಅಗೆಯದೆ ಪೈಪಿನ ಅಳತೆ ಹೆಚ್ಚಿಸಲು ಇರುವ ದಾರಿ ಇದು, ಮತ್ತು ಸ್ಟೋನ್‌ವೇರ್ ಸುಲಭವಾಗಿ ಸಿಡಿಯುತ್ತದೆ. ಆದರೆ ಒಳಗಿನಿಂದ ಬಾಯಿ ಕೊರೆಯಲಾಗದು. ಪ್ರತಿ ಮನೆ ಸಂಪರ್ಕಕ್ಕೂ ಒಂದು ಗುಂಡಿ ತೋಡಬೇಕು. ನಮ್ಮ ಮೂವತ್ತು–ನಲವತ್ತರ ನಿವೇಶನಗಳ ಬೀದಿಯಲ್ಲಿ ಮೂವತ್ತು ಮೀಟರಿಗೆ ಎರಡೂ ಬದಿ ಸೇರಿ ಆರು ಮನೆ, ಆರು ಗುಂಡಿ. ಅಷ್ಟು ಗುಂಡಿಯಾದ ಮೇಲೆ ಉಳಿದದ್ದನ್ನೂ ಅಗೆದರೆ ಹೋಯಿತು! ನಡುವೆ ಸಂಪರ್ಕವಿಲ್ಲದ ಉದ್ದ ಸಾಲಿಗೆ, ಉದ್ಯಾನ ಅಥವಾ ಆಟದ ಮೈದಾನ ದಾಟುವುದಕ್ಕೆ ಇದು ಸರಿ. ಆಳ ಕಡಿಮೆಯಿದ್ದರೆ ರಸ್ತೆ ಉಬ್ಬುತ್ತದೆ, ಪಕ್ಕದಲ್ಲೇ ನೀರಿನ ಪೈಪಿದ್ದರೆ ಅದಕ್ಕೂ ಪೆಟ್ಟು.

ಯಾರಿಗೆ ಯಾವುದು

ಒಂದೇ ಮನೆಯ ಚೇಂಬರಿನಿಂದ ಬೀದಿಯವರೆಗಿನ ಹತ್ತು ಮೀಟರ್ ತುಂಡಿಗೆ ಹೆಚ್ಚು ಯೋಚನೆ ಬೇಡ: ಅಗೆದು, ವಾಟ ನೋಡಿ ಪಿವಿಸಿ ಹಾಕಿ. ಅಪಾರ್ಟ್‌ಮೆಂಟಿನಲ್ಲಿ ಸಾಲಿನ ಮೇಲೆ ಹಾಸುಗಲ್ಲು, ಉದ್ಯಾನ, ನೆಲಮಾಳಿಗೆಯ ಗೋಡೆ ಇದ್ದು ವಾಟ ಸರಿಯಿದ್ದರೆ ಒಳಹೊದಿಕೆಯ ದರ ಕೇಳಿ, ಅಗೆತದ ದರಕ್ಕೆ ಹಾಸುಗಲ್ಲಿನ ಖರ್ಚನ್ನೂ ಕೂಡಿಸಿ ಹೋಲಿಸಿ. ಬಡಾವಣೆಯ ಇಡೀ ಸಾಲಿಗೆ ಹಣ ಸಾಲದಿದ್ದರೆ ಮ್ಯಾನ್‌ಹೋಲಿನಿಂದ ಮ್ಯಾನ್‌ಹೋಲಿಗೆ ಒಂದೊಂದೇ ತುಂಡನ್ನು, ಕ್ಯಾಮೆರಾದಲ್ಲಿ ಅತಿ ಕೆಟ್ಟದಾಗಿ ಕಂಡದ್ದರಿಂದ ಶುರುಮಾಡಿ. ಎರೆಮಣ್ಣಿನ ಊರಿನವರು ಪೈಪಿಗಿಂತ ಹಾಸಿಗೆಯ ಮಣ್ಣಿಗೆ ಹೆಚ್ಚು ಹಣ ಇಡಿ.

ಯಾವುದನ್ನೇ ಆರಿಸಿದರೂ ಕರಾರಿನಲ್ಲಿ ಒಂದು ಸಾಲು ಇರಲೇಬೇಕು: ಯಾವ ಮನುಷ್ಯನೂ ಮ್ಯಾನ್‌ಹೋಲಿಗೆ ಇಳಿಯಕೂಡದು. ರಕ್ಷಣೆಯಿಲ್ಲದೆ ಇಳಿಸುವುದು ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದ 2013ರ ಕಾಯ್ದೆಯ ಪ್ರಕಾರ ಅಪರಾಧ. ಒಳಗೆ ಸತ್ತವರ ಕುಟುಂಬಕ್ಕೆ 30 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಸುಪ್ರೀಂ ಕೋರ್ಟ್ 2023ರ ಅಕ್ಟೋಬರಿನಲ್ಲಿ ಹೇಳಿದೆ. ಕಾಂಕ್ರೀಟನ್ನು ತಿನ್ನುವ ಅದೇ ಅನಿಲ ಮನುಷ್ಯನನ್ನು ಕೆಲವೇ ಉಸಿರಿನಲ್ಲಿ ಕೆಡವುತ್ತದೆ. ಒಂದೈದು ನಿಮಿಷ ಇಳಿದು ನೋಡುತ್ತಾನೆ ಬಿಡಿ ಸಾರ್ ಎಂದ ಮೇಸ್ತ್ರಿಯನ್ನು ನಾವು ಅಲ್ಲಿಂದಲೇ ವಾಪಸು ಕಳಿಸಿದೆವು.

ಕೊನೆಗೆ ನಾವು ಅಗೆದೆವು. ಹೊಟ್ಟೆ ಬಿಟ್ಟಿದ್ದ ತುಂಡಿಗೆ ಬೇರೆ ದಾರಿಯಿರಲಿಲ್ಲ, ಉಳಿದ ಅರವತ್ತು ಮೀಟರಿಗಾಗಿ ಒಳಹೊದಿಕೆಯ ತಂಡ ಬರಲು ಒಪ್ಪಲಿಲ್ಲ. 200 ಮಿ.ಮೀ. ಪಿವಿಸಿ, ಎಸ್‌ಎನ್ 8, ಎಂಬತ್ತಕ್ಕೆ ಒಂದು ವಾಟ. ಪ್ರತಿ ಪೈಪ್ ಕೂರಿಸುವಾಗಲೂ ನಿವೃತ್ತ ಮೇಷ್ಟ್ರೊಬ್ಬರು ಟ್ಯೂಬ್ ಲೆವೆಲ್ ಹಿಡಿದು ಕಾಲುವೆಯ ದಂಡೆಯಲ್ಲಿ ಕುಕ್ಕರಗಾಲಲ್ಲಿ ಕುಳಿತಿರುತ್ತಿದ್ದರು. ಗುತ್ತಿಗೆದಾರನಿಗೆ ಅವರನ್ನು ಕಂಡರೆ ಆಗುತ್ತಿರಲಿಲ್ಲ. ಕೊನೆಯ ಕಂತನ್ನು ಮೂರು ಪರೀಕ್ಷೆ ಮುಗಿಯುವವರೆಗೆ ತಡೆಹಿಡಿದಿದ್ದೆವು: ಮಣ್ಣು ಮುಚ್ಚುವ ಮುನ್ನ ಕೆಳಬಾಯಿ ಕಟ್ಟಿ ನೀರು ತುಂಬಿ ಮಟ್ಟ ಇಳಿಯುತ್ತದೆಯೇ ನೋಡುವುದು, ಮುಚ್ಚಿದ ಮೇಲೆ ಮತ್ತೆ ಕ್ಯಾಮೆರಾ, ಮೂರನೆಯದು ಮೇಷ್ಟ್ರದೇ ಉಪಾಯ. ಬೆಳಗ್ಗೆ ಎಂಟಕ್ಕೆ, ಬೀದಿಯೆಲ್ಲ ಸ್ನಾನ ಮಾಡುವ ಹೊತ್ತಿನಲ್ಲಿ, ಮೇಲಿನ ಮ್ಯಾನ್‌ಹೋಲಿಗೆ ಅವರು ಒಂದು ಬಕೆಟ್ ಅರಿಸಿನದ ನೀರು ಸುರಿದು ಕೈ ಎತ್ತಿದರು. ಮೂವತ್ತು ಮೀಟರ್ ಕೆಳಗೆ ನಾನು ಗಡಿಯಾರ ಹಿಡಿದು ಬಗ್ಗಿ ನಿಂತಿದ್ದೆ. ಸೆಕೆಂಡಿಗೆ 0.6 ಮೀಟರಿನ ಲೆಕ್ಕದಲ್ಲಿ ಐವತ್ತು ಸೆಕೆಂಡಿನೊಳಗೆ ಬರಬೇಕಿತ್ತು. ಹಳದಿ ನಲವತ್ತನಾಲ್ಕಕ್ಕೆ ಬಂತು. ಅಂದು ಮಧ್ಯಾಹ್ನವೇ ಚೆಕ್‌ಗೆ ಸಹಿ ಹಾಕಿದೆವು.